ಬಿಲ್ಲು ಮಗಳ ಹೆಸರಿಗೆ, ದುಡ್ಡು ಅಪ್ಪನ ಖಾತೆಯಿಂದ



ಮಗನನ್ನೋ ಮಗಳನ್ನೋ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕಳಿಸಿರುವ, ಇಲ್ಲವೇ ಕಳಿಸಲು ಓಡಾಡುತ್ತಿರುವ ತಂದೆ ತಾಯಂದಿರಿಗಾಗಿ ಇವತ್ತಿನ ಈ ಮಾತು. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ ಫೀಸಿನ ಬಿಲ್ಲು ನಿಮ್ಮ ಹೆಸರಿಗೆ ಬರುವುದಿಲ್ಲ. ಮನೆ ಅಡವಿಟ್ಟು ಸಾಲ ತೆಗೆದವರು ನೀವೇ ಆಗಿರಬಹುದು. ಆದರೂ ಬಿಲ್ಲಿನ ಮೇಲಿರುವುದು ವಿದ್ಯಾರ್ಥಿಯ ಹೆಸರು, ಅದು ಹೋಗುವುದು ವಿದ್ಯಾರ್ಥಿಯ ಇ-ಮೇಲಿಗೆ, ಅದರ ಬಗ್ಗೆ ಕಚೇರಿಯನ್ನು ಕೇಳುವ ಹಕ್ಕಿರುವುದೂ ವಿದ್ಯಾರ್ಥಿಗೇ. ಇಷ್ಟು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಟ್ಟಿದೆ, ಎಷ್ಟೋ ಮಕ್ಕಳ ಓದಿಗೇ ಕುತ್ತು ಬಂದಿದೆ.

ನಾನು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಸಿನ ಲೆಕ್ಕ ನೋಡುವ ಕಚೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿದವಳು. ಬರ್ಸರ್ ಆಫೀಸು ಅನ್ನುತ್ತಾರೆ ಅದನ್ನು, ಕೆಲವು ಕಡೆ ಸ್ಟೂಡೆಂಟ್ ಅಕೌಂಟ್ಸ್ ಅಂತ ಹೆಸರು. 2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3 ಲಕ್ಷ 31 ಸಾವಿರ ದಾಟಿತ್ತು. ಆ ವರ್ಷ ಚೀನಾವನ್ನೂ ಹಿಂದೆ ಹಾಕಿ ಭಾರತ ಮೊದಲ ಸ್ಥಾನಕ್ಕೆ ಬಂತು. ಆಗಸ್ಟ್ ಮತ್ತು ಜನವರಿಯಲ್ಲಿ, ಸೆಮಿಸ್ಟರ್ ಶುರುವಾಗುವ ಹೊತ್ತಿಗೆ, ನಮ್ಮ ಕಚೇರಿಗೆ ಭಾರತದಿಂದ ಫೋನಿನ ಮೇಲೆ ಫೋನು ಬರುತ್ತಿತ್ತು.

ಅಂಥದ್ದರಲ್ಲಿ ಒಂದು ನನಗೆ ಚೆನ್ನಾಗಿ ನೆನಪಿದೆ. ದಾವಣಗೆರೆ ಕಡೆಯ ತಂದೆ. ನಮಗೆ ಊಟದ ಹೊತ್ತು, ಅವರಿಗೆ ರಾತ್ರಿ ಹನ್ನೊಂದರ ಮೇಲೆ. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದವರು ನನ್ನ ಹೆಸರು ಕೇಳಿ ಕನ್ನಡಕ್ಕೆ ಹೊರಳಿದರು. "ನೋಡ್ರಿ ತಾಯಿ, ದುಡ್ಡು ಕಳಿಸಿ ತಿಂಗಳಾಗ್ತಾ ಬಂತು. ಬ್ಯಾಂಕಿನೋರು ಹೋಗೈತಿ ಅಂತಾರ. ಮಗ ಇನ್ನೂ ಬಂದಿಲ್ಲ ಅಂತಾನ. ನಿಮ್ಮಲ್ಲಿ ಬಂತೋ ಇಲ್ಲೋ, ಅಷ್ಟು ಹೇಳ್ರಿ ಸಾಕು." ಆ ಹುಡುಗನ ಲೆಕ್ಕ ನನ್ನ ಕಣ್ಣೆದುರಿನ ಪರದೆ ಮೇಲೇ ಇತ್ತು. "ಸರ್, ನಿಮ್ಮ ಮಗ ಅನುಮತಿ ಕೊಟ್ಟಿಲ್ಲ. ಬಂತು ಅಂತಲೂ ಹೇಳುವ ಹಾಗಿಲ್ಲ, ಬಂದಿಲ್ಲ ಅಂತಲೂ ಹೇಳುವ ಹಾಗಿಲ್ಲ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರ ಕಳಿಸಿದ್ದು ಯಾರ ದುಡ್ಡು?" ಅಂದರು.

ನಾನು ಅವರಿಗೆ ಕೊಟ್ಟ ಸಲಹೆ ಇಷ್ಟೇ: ಇದೇ ಕರೆಗೆ ಮಗನನ್ನೂ ಸೇರಿಸಿಕೊಳ್ಳಿ. ಹುಡುಗ ಲೈನಿಗೆ ಬಂದ. ಅವನು ಅವನೇ ಹೌದೋ ಎಂದು ನಾಲ್ಕು ಪ್ರಶ್ನೆ ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ನಾನು ಮಾತಾಡಿದ್ದು ಹುಡುಗನ ಜೊತೆ, ತಂದೆ ಕೇಳಿಸಿಕೊಂಡರು. ದುಡ್ಡು ಬಂದಿತ್ತು. ಆದರೆ ಬ್ಯಾಂಕಿನ ಅರ್ಜಿಯಲ್ಲಿ ಕಳಿಸಿದವರ ಹೆಸರು ಮಾತ್ರ ಇತ್ತು, ವಿದ್ಯಾರ್ಥಿಯ ಐಡಿ ನಂಬರ್ ಇರಲಿಲ್ಲ. ಯಾರ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದೆ ಆ ಮೊತ್ತ ಬೇವಾರಸಾಗಿ ಪಕ್ಕದಲ್ಲಿ ಕೂತಿತ್ತು. ರಸೀದಿಯ ಪ್ರತಿ ತರಿಸಿಕೊಂಡೆವು, ಕೆಲಸ ಮುಗಿಯಿತು.

ನನ್ನ ಬಾಯಿ ಕಟ್ಟಿದ ಕಾನೂನಿನ ಹೆಸರು ಫ್ಯಾಮಿಲಿ ಎಜುಕೇಷನಲ್ ರೈಟ್ಸ್ ಆ್ಯಂಡ್ ಪ್ರೈವೆಸಿ ಆ್ಯಕ್ಟ್. ಎಲ್ಲರೂ ಚುಟುಕಾಗಿ ಫೆರ್ಪಾ ಅನ್ನುತ್ತಾರೆ. ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಮುಂದೆ ನಿಂತು ತಂದದ್ದು. ವಾಟರ್‌ಗೇಟ್ ಹಗರಣದಲ್ಲಿ ನಿಕ್ಸನ್ ಇಳಿದು ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದ ತಿಂಗಳಲ್ಲೇ, 1974ರ ಆಗಸ್ಟಿನಲ್ಲಿ, ಅದಕ್ಕೆ ಸಹಿ ಬಿತ್ತು. ಆಗಿನ ಶಾಲೆಗಳು ಮಕ್ಕಳ ಬಗ್ಗೆ ಏನೇನೋ ಬರೆದ ಕಡತ ಇಟ್ಟುಕೊಂಡು ಹೆತ್ತವರಿಗೇ ತೋರಿಸುತ್ತಿರಲಿಲ್ಲ. ತೋರಿಸಲೇಬೇಕು, ಬೇರೆಯವರಿಗೆ ಬಿಟ್ಟುಕೊಡಬಾರದು ಎಂಬುದಕ್ಕಾಗಿ ಬಂದ ಕಾನೂನು ಇದು. ಅಂದರೆ ಇದು ಹುಟ್ಟಿದ್ದು ತಂದೆ ತಾಯಿಯ ಪರವಾಗಿ. ಆದರೆ ಮಗುವಿಗೆ 18 ತುಂಬಿದ ದಿನ, ಇಲ್ಲವೇ ಯಾವ ವಯಸ್ಸಿನಲ್ಲೇ ಆಗಲಿ ಕಾಲೇಜು ಮೆಟ್ಟಿಲು ಹತ್ತಿದ ದಿನ, ಆ ಹಕ್ಕು ಪೂರ್ತಿಯಾಗಿ ಮಗುವಿನ ಕೈಗೆ ಹೋಗುತ್ತದೆ. ಮಾರ್ಕ್ಸು, ಹಾಜರಿ, ಫೀಸಿನ ಬಾಕಿ, ಶಿಸ್ತುಕ್ರಮ ಎಲ್ಲವೂ ಇದರಲ್ಲಿ ಸೇರಿದವು.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಅಮೆರಿಕದ ತೆರಿಗೆ ಲೆಕ್ಕದಲ್ಲಿ ಮಗುವನ್ನು ಅವಲಂಬಿತ ಎಂದು ತೋರಿಸಿದ ತಂದೆ ತಾಯಿಗೆ ವಿಶ್ವವಿದ್ಯಾಲಯ ಮಾಹಿತಿ ಕೊಡಬಹುದು. ಕೊಡಬಹುದು ಅಷ್ಟೇ, ಕೊಡಲೇಬೇಕೆಂದಿಲ್ಲ. ಅಲ್ಲಿ ತೆರಿಗೆ ಕಟ್ಟದ, ಹಾಸನದಲ್ಲೋ ಶಿರಸಿಯಲ್ಲೋ ಇರುವ ನಿಮಗೆ ಈ ಬಾಗಿಲಂತೂ ಇಲ್ಲ. 21 ತುಂಬದ ವಿದ್ಯಾರ್ಥಿ ಕುಡಿತ ಅಥವಾ ಮಾದಕ ವಸ್ತುವಿನ ನಿಯಮ ಮುರಿದರೆ ಹೆತ್ತವರಿಗೆ ತಿಳಿಸಬಹುದು. ಜೀವಕ್ಕೆ ಅಪಾಯ ಇದ್ದರೆ ತಿಳಿಸಬಹುದು. ಉಳಿದಂತೆ ಮಗುವಿನ ಸಹಿ ಇರುವ ಅನುಮತಿ ಪತ್ರವೊಂದೇ ನಿಮ್ಮ ದಾರಿ.

ನಮ್ಮವರಿಗೆ ಇದು ಯಾಕೆ ಇಷ್ಟು ಕಷ್ಟವಾಗುತ್ತದೆ ಎಂದು ನನಗೆ ಗೊತ್ತು. ಪಿಯುಸಿ ತನಕ ಮಗ ಒಂದು ಪೀರಿಯಡ್ ತಪ್ಪಿಸಿದರೂ ಅಪ್ಪನ ಮೊಬೈಲಿಗೆ ಮೆಸೇಜು ಬರುತ್ತದೆ. ಇಂಜಿನಿಯರಿಂಗಿನಲ್ಲೂ ಸಬ್ಜೆಕ್ಟ್ ಉಳಿಸಿಕೊಂಡರೆ ಪ್ರಿನ್ಸಿಪಾಲರು ಹೆತ್ತವರನ್ನು ಕರೆಸುತ್ತಾರೆ. ಅಲ್ಲಿಂದ ಹೊರಟು ಒಂದೇ ವಿಮಾನ ಪ್ರಯಾಣದಲ್ಲಿ ಏನೂ ತಿಳಿಯದ ಸ್ಥಿತಿಗೆ ಬಂದರೆ ಅವಮಾನ ಆದಂತೆಯೇ ಅನ್ನಿಸುತ್ತದೆ. ಆದರೂ ಈ ಕಾನೂನು ಸರಿ ಎಂದೇ ನನ್ನ ಅಭಿಪ್ರಾಯ. ಫೋನಿನಲ್ಲಿ "ನಾನು ಅವಳ ಅಪ್ಪ" ಎಂದವರೆಲ್ಲ ಅಪ್ಪಂದಿರಲ್ಲ. ಸಂಬಂಧ ನೋಡುತ್ತಿರುವ ಕಡೆಯವರು ಹುಡುಗನ ಮಾರ್ಕ್ಸ್ ಕೇಳಿದ್ದುಂಟು. ಹೆಂಡತಿ ಬಿಟ್ಟುಬಂದ ಗಂಡ ಅವಳ ವಿಳಾಸ ಕೇಳಿದ್ದುಂಟು. ಆ ಹೆಣ್ಣುಮಗಳು ನಿಮ್ಮ ಮಗಳೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರಬೇಕೆಂದೇ ನೀವು ಬಯಸುತ್ತಿದ್ದಿರಿ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಕಾನೂನು ವಿಶ್ವವಿದ್ಯಾಲಯದ ಬಾಯಿ ಕಟ್ಟುತ್ತದೆ, ನಿಮ್ಮ ಮಗನ ಬಾಯಿ ಕಟ್ಟುವುದಿಲ್ಲ. "ಅಪ್ಪಾ, ಇಲ್ಲಿ ಪ್ರೈವೆಸಿ ರೂಲ್ಸ್ ಇದೆ, ಮಾರ್ಕ್ಸ್ ತೋರಿಸೋ ಹಾಗಿಲ್ಲ" ಎಂದು ಮಗ ಹೇಳಿದರೆ ಅದು ಸುಳ್ಳು. ತನ್ನ ಬಿಲ್ಲು, ತನ್ನ ಅಂಕಪಟ್ಟಿ, ತನ್ನ ಬಾಕಿ ಎಲ್ಲವನ್ನೂ ಅವನು ಎರಡು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಕಳಿಸಬಹುದು. ಸಾಲಕ್ಕೆ ಸಹಿ ಹಾಕಿದ ತಂದೆಗೆ ಕೇಳುವ ನೈತಿಕ ಹಕ್ಕು ಖಂಡಿತ ಇದೆ. ಆ ಹಕ್ಕನ್ನು ಕಚೇರಿಯ ಮುಂದೆ ಸಾಧಿಸಲು ಹೋಗಬೇಡಿ. ಮಗನ ಮುಂದಿಡಿ, ಮತ್ತು ಅವನು ಹೊರಡುವ ಮೊದಲೇ ಇಡಿ. ಸೂಟ್‌ಕೇಸಿನ ತೂಕ ನೋಡುವುದರಲ್ಲಿ, ಉಪ್ಪಿನಕಾಯಿ ಚಟ್ನಿಪುಡಿ ಕಟ್ಟುವುದರಲ್ಲಿ ಕೊನೆಯ ವಾರ ಕಳೆದುಹೋಗುತ್ತದೆ. ಅದಕ್ಕೆ ಮುಂಚೆ ಒಂದು ಸಂಜೆ ಕೂತು, ಪ್ರತಿ ಸೆಮಿಸ್ಟರ್ ಬಿಲ್ಲು ಬಂದ ದಿನವೇ ಕಳಿಸಬೇಕು, ಫಲಿತಾಂಶ ಹೇಗೇ ಇರಲಿ ಹೇಳಬೇಕು, ಹೇಳಿದಾಗ ಮನೆಯಲ್ಲಿ ಯಾರೂ ಕೂಗಾಡುವುದಿಲ್ಲ ಎಂದು ಮಾತಾಡಿಕೊಳ್ಳಿ. ಆ ಮೂರನೆಯದು ನಿಮ್ಮ ಕಡೆಯ ಮಾತು. ನೀವು ಅದಕ್ಕೆ ತಪ್ಪಿದರೆ ಮೊದಲ ಎರಡನ್ನು ಮಗನೂ ನಡೆಸಿಕೊಡುವುದಿಲ್ಲ.

ಅದರ ಜೊತೆಗೆ ಎರಡು ಅನುಮತಿಗಳನ್ನು ಮಾಡಿಸಿಕೊಳ್ಳಿ. ಇವೆರಡೂ ಬೇರೆ ಬೇರೆ, ಬಹಳ ಜನ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಫೀಸಿನ ಪೋರ್ಟಲಿನಲ್ಲಿ ಆಥರೈಸ್ಡ್ ಯೂಸರ್ ಎಂದು ನಿಮ್ಮ ಹೆಸರು ಸೇರಿಸುವುದು. ವಿದ್ಯಾರ್ಥಿ ತನ್ನ ಖಾತೆಯೊಳಗೆ ಹೋಗಿ ನಿಮ್ಮ ಇ-ಮೇಲ್ ಹಾಕಿದರೆ ನಿಮಗೆ ಪ್ರತ್ಯೇಕ ಪಾಸ್‌ವರ್ಡ್ ಬರುತ್ತದೆ. ಅದರಲ್ಲಿ ಬಿಲ್ಲು ಕಾಣುತ್ತದೆ, ಕಟ್ಟಬಹುದು, ಗಡುವಿನ ಸೂಚನೆ ನಿಮಗೂ ಬರುತ್ತದೆ. ಮಾರ್ಕ್ಸ್ ಕಾಣುವುದಿಲ್ಲ. ಎರಡನೆಯದು ರಿಜಿಸ್ಟ್ರಾರ್ ಕಚೇರಿಯ ಫೆರ್ಪಾ ಅನುಮತಿ ಪತ್ರ. ಯಾವ ದಾಖಲೆ, ಯಾವ ಕಾರಣಕ್ಕೆ, ಯಾರಿಗೆ ಎಂದು ಬರೆದು, ತಾರೀಖು ಹಾಕಿ ವಿದ್ಯಾರ್ಥಿ ಸಹಿ ಮಾಡುತ್ತಾನೆ. ಅದಿದ್ದರೆ ನಾವು ಫೋನಿನಲ್ಲಿ ನಿಮ್ಮ ಜೊತೆ ಮಾತಾಡಬಹುದು. ಕೊಟ್ಟ ಅನುಮತಿಯನ್ನು ಯಾವಾಗ ಬೇಕಾದರೂ ಅವನು ಹಿಂದಕ್ಕೆ ಪಡೆಯಬಹುದು ಎಂಬುದೂ ತಿಳಿದಿರಲಿ.

ಮಗುವಿನ ಪಾಸ್‌ವರ್ಡ್ ಮಾತ್ರ ಕೇಳಬೇಡಿ. ವಿಶ್ವವಿದ್ಯಾಲಯದ ನಿಯಮಕ್ಕೆ ಅದು ವಿರುದ್ಧ. ನೀವಿಲ್ಲಿ ಲಾಗಿನ್ ಮಾಡಿದ ಪ್ರತಿ ಸಲ ಅಲ್ಲಿ ಮಗಳ ಫೋನು ನಡುರಾತ್ರಿ ಒಪ್ಪಿಗೆ ಕೇಳುತ್ತದೆ. ಹೇಳಲೇಬೇಕಾದ ಇನ್ನೊಂದು ಸಂಗತಿ. ನಮ್ಮೂರಿನ ಕೆಲವು ಕನ್ಸಲ್ಟೆನ್ಸಿಗಳು ಅರ್ಜಿ ಹಾಕುವಾಗ ತಮ್ಮದೇ ಇ-ಮೇಲ್, ತಮ್ಮದೇ ಪಾಸ್‌ವರ್ಡ್ ಹಾಕಿ ಖಾತೆ ತೆರೆದಿರುತ್ತಾರೆ. ಅಡ್ಮಿಷನ್ ಪತ್ರ, ಸ್ಕಾಲರ್‌ಶಿಪ್ ಪತ್ರ ಎಲ್ಲ ಮೊದಲು ಅವರ ಕೈಗೆ ಹೋಗುತ್ತದೆ. ಸೀಟು ಖಾತ್ರಿಯಾದ ದಿನವೇ ಆ ಇ-ಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ವಿದ್ಯಾರ್ಥಿ ಬದಲಾಯಿಸಿಕೊಳ್ಳಲಿ.

ಇನ್ನು ಬಿಲ್ಲು. "ನನ್ನ ಮಗಳಿಗೆ ಅಸಿಸ್ಟೆಂಟ್‌ಶಿಪ್ ಸಿಕ್ಕಿದೆ, ಟ್ಯೂಷನ್ ಪೂರ್ತಿ ಮಾಫಿ" ಎಂದು ಮನೆಯವರು ಸಿಹಿ ಹಂಚಿರುತ್ತಾರೆ. ಸೆಮಿಸ್ಟರ್ ಹೊತ್ತಿಗೆ ಸಾವಿರಾರು ಡಾಲರಿನ ಬಿಲ್ಲು ಬರುತ್ತದೆ. ಮೋಸವೇನೂ ಆಗಿಲ್ಲ. ಮಾಫಿಯಾದದ್ದು ಟ್ಯೂಷನ್ ಎಂಬ ಸಾಲು ಮಾತ್ರ. ಅದರ ಕೆಳಗೆ ಕಡ್ಡಾಯ ಫೀಗಳ ಪಟ್ಟಿ ಇರುತ್ತದೆ. ಲೈಬ್ರರಿ, ಬಸ್ಸು, ಜಿಮ್ ಸೇರಿದ ವಿದ್ಯಾರ್ಥಿ ಫೀ, ಟೆಕ್ನಾಲಜಿ ಫೀ, ಇಂಜಿನಿಯರಿಂಗಿನವರಿಗೆ ವಿಭಾಗದ ಹೆಚ್ಚುವರಿ ಫೀ, ಹಲವೆಡೆ ವಿದೇಶಿ ವಿದ್ಯಾರ್ಥಿಗಳಿಗೆಂದೇ ಒಂದು ಫೀ, ಆಮೇಲೆ ಆರೋಗ್ಯ ವಿಮೆ. ಅನುದಾನ ಪತ್ರ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಟ್ಯೂಷನ್ ಬಿಟ್ಟು ಪ್ರತಿ ಸೆಮಿಸ್ಟರ್ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ? ಇನ್ನೊಂದು, ವಿಭಾಗದವರು ಕಾಗದಪತ್ರ ಕಳಿಸುವುದು ತಡವಾದರೆ ಮಾಫಿ ಬಿಲ್ಲಿನಲ್ಲಿ ಕಾಣಿಸುವುದೂ ತಡವಾಗುತ್ತದೆ. ಪೂರ್ತಿ ಮೊತ್ತ ನೋಡಿ ಗಾಬರಿಯಾಗಿ ಸಾಲ ಎಬ್ಬಿಸಬೇಡಿ. ಮಗಳು ವಿಭಾಗದ ಕಚೇರಿಗೆ ಹೋಗಿ ವಿಚಾರಿಸಲಿ.

ಆರೋಗ್ಯ ವಿಮೆಯ ಸಾಲಿನ ಬಗ್ಗೆ ಒಂದು ಮಾತು. ಇಲ್ಲಿಂದ ಪ್ರಯಾಣ ವಿಮೆ ಮಾಡಿಸಿಕೊಂಡು ಹೋದವರಿಗೂ ವಿಶ್ವವಿದ್ಯಾಲಯ ತನ್ನ ವಿಮೆಯ ಹಣ ಸೇರಿಸಿಯೇ ಬಿಲ್ಲು ಕಳಿಸುತ್ತದೆ. ನಮ್ಮ ವಿಮೆ ಸಾಕು, ನಿಮ್ಮದು ಬೇಡ ಎನ್ನುವ ಅರ್ಜಿಗೆ ಗಡುವಿದೆ. ಗಡುವು ದಾಟಿದರೆ ಹಣ ಕಟ್ಟಲೇಬೇಕು. ಹಲವು ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳ ಇಂಥ ಅರ್ಜಿ ಒಪ್ಪುವುದೇ ಇಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಪಾಲಿಸಿ ಕೊಳ್ಳುವ ಮೊದಲು ಅಲ್ಲಿನ ನಿಯಮ ಓದಿ.

ಹಣ ಕಳಿಸುವ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ನಿಮ್ಮ ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬುತ್ತೀರಿ, ಪ್ಯಾನ್ ಕೊಡುತ್ತೀರಿ. ಅಲ್ಲಿ ಷರಾ ಬರೆಯುವ ಜಾಗದಲ್ಲಿ ವಿದ್ಯಾರ್ಥಿಯ ಪೂರ್ತಿ ಹೆಸರು, ಐಡಿ ನಂಬರ್ ಎರಡೂ ಇರಲೇಬೇಕು. ದಾವಣಗೆರೆಯ ತಂದೆಗೆ ಆದದ್ದು ಕೇಳಿದಿರಲ್ಲ. ಆಮೇಲೆ ಬ್ಯಾಂಕ್ ಶುಲ್ಕ ಯಾರ ಕಡೆಯಿಂದ ಎಂದು ಕೇಳುವ ಮೂರು ಅಕ್ಷರದ ಒಂದು ಆಯ್ಕೆ ಇರುತ್ತದೆ. ಅಲ್ಲಿ 'ಓಯುಆರ್' ಎಂದು ಗುರುತು ಹಾಕಿಸಿ, ಅಂದರೆ ಶುಲ್ಕವೆಲ್ಲ ನಿಮ್ಮ ಕಡೆಯಿಂದ. ಹಾಕಿಸದಿದ್ದರೆ ನಡುವಿನ ಬ್ಯಾಂಕು ತನ್ನ ಶುಲ್ಕವನ್ನು ಮೊತ್ತದಲ್ಲೇ ಮುರಿದುಕೊಳ್ಳುತ್ತದೆ. ನೀವು ಪೈಸೆ ಪೈಸೆ ಸರಿಯಾಗಿ ಕಳಿಸಿದರೂ ನಮ್ಮಲ್ಲಿಗೆ 25 ಡಾಲರ್ ಕಮ್ಮಿ ಬಂದು ಸೇರುತ್ತದೆ.

25 ಡಾಲರ್ ತಾನೇ ಎಂದುಕೊಳ್ಳಬೇಡಿ. ಬಾಕಿ ಉಳಿದರೆ ತಡದ ದಂಡ ಸೇರುತ್ತದೆ, ಆಮೇಲೆ ಖಾತೆಯ ಮೇಲೆ ಹೋಲ್ಡ್, ಅಂದರೆ ತಡೆ, ಬೀಳುತ್ತದೆ. ಎಷ್ಟು ಬಾಕಿಗೆ ಹೋಲ್ಡ್ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಹೋಲ್ಡ್ ಬಿದ್ದಿದೆ ಎಂಬ ಇ-ಮೇಲ್ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರುತ್ತದೆ. ಅದನ್ನು ದಿನಾ ತೆರೆದು ನೋಡುವ ಅಭ್ಯಾಸ ಎಷ್ಟೋ ಹುಡುಗರಿಗೆ ಇರುವುದಿಲ್ಲ. ಅಕ್ಟೋಬರ್ ಕೊನೆಗೋ ನವೆಂಬರಿನಲ್ಲೋ ಮುಂದಿನ ಸೆಮಿಸ್ಟರಿನ ಕೋರ್ಸುಗಳಿಗೆ ಹೆಸರು ನೋಂದಾಯಿಸುವ ಸಮಯ. ಹೋಲ್ಡ್ ಇದ್ದವರಿಗೆ ಕಂಪ್ಯೂಟರ್ ಬಾಗಿಲು ತೆರೆಯುವುದಿಲ್ಲ. ಬಾಕಿ ತೀರಿಸಿ ಬರುವಷ್ಟರಲ್ಲಿ ಬೇಕಾದ ಕೋರ್ಸುಗಳು ಭರ್ತಿ. ಎಫ್-1 ವೀಸಾದ ವಿದ್ಯಾರ್ಥಿ ಪೂರ್ಣಾವಧಿ ಓದಲೇಬೇಕು, ಪದವಿ ತರಗತಿಯವರಾದರೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್. ಅಷ್ಟು ಸಿಗದೆ, ವಿದೇಶಿ ವಿದ್ಯಾರ್ಥಿ ಕಚೇರಿಯ ಒಪ್ಪಿಗೆಯನ್ನೂ ಮೊದಲೇ ಪಡೆಯದೆ ಕುಳಿತರೆ ಆ ದೇಶದಲ್ಲಿ ಇರುವ ಅರ್ಹತೆಗೇ ಸಂಚಕಾರ. ಎಲ್ಲಿಯ 25 ಡಾಲರ್, ಎಲ್ಲಿಯ ವೀಸಾ! ಹಣ ಕಳಿಸಿ ಒಂದು ವಾರದ ಮೇಲೆ "ಬ್ಯಾಲೆನ್ಸ್ ಸೊನ್ನೆ ತೋರಿಸುತ್ತಿದೆಯಾ, ಹೋಲ್ಡ್ ಏನಾದರೂ ಇದೆಯಾ" ಎಂದು ಕೇಳಿ. ನಿಮಗೆ ಪೋರ್ಟಲ್ ಅನುಮತಿ ಇದ್ದರೆ ನೀವೇ ನೋಡಿ.

ಬ್ಯಾಂಕ್ ಸಾಲದವರಿಗೆ ಇನ್ನೊಂದು ಗಂಟಿದೆ. ಮ್ಯಾನೇಜರರು ಪ್ರತಿ ಸೆಮಿಸ್ಟರ್ ವಿಶ್ವವಿದ್ಯಾಲಯದ ಬಿಲ್ಲು ನೋಡಿಯೇ ಕಂತು ಬಿಡುಗಡೆ ಮಾಡುವುದು. ಬಿಲ್ಲು ಇರುವುದು ಮಗನ ಪೋರ್ಟಲಿನಲ್ಲಿ, ಸಹಿ ಹಾಕಬೇಕಾದವರು ಇಲ್ಲಿ ನೀವು, ಹಗಲು ರಾತ್ರಿ ಅದಲುಬದಲು. ಗಡುವಿಗೆ ಒಂದು ತಿಂಗಳು ಮುಂಚೆಯೇ ಕಾಗದ ಓಡಾಡಲು ಶುರುವಾಗಬೇಕು. ಅಷ್ಟಾಗಿಯೂ ತಡವಾಗುವಂತಿದ್ದರೆ ಬ್ಯಾಂಕಿನಿಂದ ಸಾಲ ಮಂಜೂರಾದ ಪತ್ರ ತೆಗೆದುಕೊಂಡು ಮಗ ನಮ್ಮಂಥ ಕಚೇರಿಗೆ ಗಡುವಿನ ಮೊದಲೇ ಬರಲಿ. ಮೊದಲೇ ಬಂದು ಹೇಳಿಕೊಂಡವರಿಗೆ ಕಂತಿನ ವ್ಯವಸ್ಥೆಯೋ ಸ್ವಲ್ಪ ಕಾಲಾವಕಾಶವೋ ಸಿಗುವುದುಂಟು. ತಡವಾದ ಮೇಲೆ ಬಂದವರಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.

ತೆರಿಗೆಯ ಬಗ್ಗೆ ಚಿಕ್ಕದಾಗಿ. 2025ರ ಏಪ್ರಿಲ್ 1ರಿಂದ, ಆರ್ಥಿಕ ವರ್ಷವೊಂದರಲ್ಲಿ 10 ಲಕ್ಷ ರೂಪಾಯಿ ದಾಟಿ ಹೊರದೇಶಕ್ಕೆ ಕಳಿಸಿದರೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ವಿದ್ಯಾಭ್ಯಾಸ ಸಾಲದಿಂದ ಹೋಗುವ ಹಣಕ್ಕೆ ಅದು ಇಲ್ಲ. ಹಿಡಿದ ಹಣ ಕಳೆದುಹೋಗುವುದಿಲ್ಲ, ಕಳಿಸಿದವರ ಪ್ಯಾನಿಗೆ ಜಮಾ ಆಗಿರುತ್ತದೆ. ನಿವೃತ್ತರಾಗಿ ತೆರಿಗೆ ಕಟ್ಟದವರೂ ರಿಟರ್ನ್ ಹಾಕಿ ವಾಪಸ್ಸು ಪಡೆಯಬೇಕು. ರಿಟರ್ನ್ ಹಾಕದೆ ಬಿಟ್ಟವರನ್ನು ನಾನು ಬಲ್ಲೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೋಸಗಾರರ ಕಾಟವೂ ಇದೆ. "ನಿಮ್ಮ ಫೀಸು ನಾವು ಕಟ್ಟುತ್ತೇವೆ, ನೂರಕ್ಕೆ ತೊಂಬತ್ತು ಕೊಟ್ಟರೆ ಸಾಕು" ಎಂದು ವಿದ್ಯಾರ್ಥಿಗಳ ಗುಂಪುಗಳಲ್ಲಿ ಬರುತ್ತಾರೆ. ಪೋರ್ಟಲಿನಲ್ಲಿ ಹಣ ಬಿದ್ದದ್ದೂ ಕಾಣುತ್ತದೆ. ಅದನ್ನು ನಂಬಿ ಹುಡುಗ ಅವರಿಗೆ ಹಣ ಕೊಡುತ್ತಾನೆ. ಅವರು ಕಟ್ಟಿದ್ದು ಕದ್ದ ಕ್ರೆಡಿಟ್ ಕಾರ್ಡಿನಿಂದ. ಕಾರ್ಡಿನ ನಿಜವಾದ ಮಾಲೀಕ ದೂರು ಕೊಟ್ಟ ಕೂಡಲೇ ಆ ಪಾವತಿ ರದ್ದಾಗುತ್ತದೆ. ಕೊಟ್ಟ ಹಣವೂ ಹೋಯಿತು, ಪೂರ್ತಿ ಫೀಸು ಬಾಕಿಯೂ ಉಳಿಯಿತು. ರಿಯಾಯಿತಿಯಲ್ಲಿ ಫೀಸು ಕಟ್ಟಿಕೊಡುವ ಸಜ್ಜನರು ಜಗತ್ತಿನಲ್ಲಿ ಇಲ್ಲ.

ಈಗ ಧನಸಹಾಯ. ಎಫ್-1 ವೀಸಾದಲ್ಲಿ ಹೋದವರಿಗೆ ಅಮೆರಿಕದ ಕೇಂದ್ರ ಸರ್ಕಾರದ ಅನುದಾನವೂ ಇಲ್ಲ, ಸಾಲವೂ ಇಲ್ಲ. ಕೊಡಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ವಿಶ್ವವಿದ್ಯಾಲಯಗಳು ತಮ್ಮ ಸ್ವಂತ ನಿಧಿಯಿಂದ ಕೊಡುತ್ತವೆ. ಪದವಿ ಹಂತದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮರ್ಸ್ಟ್ ಮೊದಲಾದ ಕೆಲವು ಕಡೆ ಮಾತ್ರ ವಿದೇಶಿ ವಿದ್ಯಾರ್ಥಿಗೂ ಮನೆಯ ಆರ್ಥಿಕ ಸ್ಥಿತಿ ನೋಡದೆ ಸೀಟು ಕೊಟ್ಟು, ಸೀಟು ಕೊಟ್ಟ ಮೇಲೆ ಅಗತ್ಯ ಇದ್ದಷ್ಟನ್ನೂ ತುಂಬಿಕೊಡುತ್ತಾರೆ. ಉಳಿದ ಕಡೆ ಅರ್ಜಿ ಹಾಕುವಾಗಲೇ ಸಹಾಯ ಬೇಕೆಂದು ಕೇಳದಿದ್ದರೆ ಆಮೇಲೆ ಕೇಳುವಂತಿಲ್ಲ ಎಂಬ ನಿಯಮ ಬಹಳ ಕಡೆ ಇದೆ. ಕೇಳಿದರೆ ಸೀಟು ತಪ್ಪೀತೆಂದು ಹೆದರಿ ಸುಮ್ಮನಿದ್ದು, ಎರಡನೆಯ ವರ್ಷ ಬೇಡುವ ಸ್ಥಿತಿಗೆ ಬರಬೇಡಿ. ಪಿಎಚ್‌ಡಿಗೆ ಸಾಮಾನ್ಯವಾಗಿ ಅನುದಾನ ಇರುತ್ತದೆ, ಎಂಎಸ್‌ಗೆ ಅಪರೂಪ.

ನಮ್ಮ ಕಡೆಯಿಂದ ಸಿಗುವುದನ್ನೂ ನೋಡಿಕೊಳ್ಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅಲ್ಪಸಂಖ್ಯಾತರಿಗೆ ಹೊರದೇಶದ ಓದಿಗೂ ಸರ್ಕಾರದ ಸಾಲ ಸಿಗುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಮಾತ್ರ ಭಾರತದೊಳಗಿನ ಸಂಸ್ಥೆಗಳಿಗೆ, ಹೊರದೇಶಕ್ಕಲ್ಲ.

ಒಂದು ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. "ಅಲ್ಲೇ ಏನಾದರೂ ಕೆಲಸ ಮಾಡಿ ಫೀಸು ಹೊಂದಿಸಿಕೋ" ಎಂದು ಮಕ್ಕಳಿಗೆ ಹೇಳಬೇಡಿ. ಎಫ್-1 ವಿದ್ಯಾರ್ಥಿಗೆ ತರಗತಿ ನಡೆಯುವಾಗ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆ ಕೆಲಸಕ್ಕಷ್ಟೇ ಅವಕಾಶ. ಅದರಲ್ಲಿ ದಿನಸಿ, ಫೋನು, ಬಸ್ಸಿನ ಖರ್ಚು ಕಳೆಯಬಹುದೇ ಹೊರತು ಫೀಸು ಆಗುವುದಿಲ್ಲ. ನಿಮ್ಮ ಮಾತಿನ ಭಾರಕ್ಕೆ ಹುಡುಗ ಹೊರಗೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ಕದ್ದು ದುಡಿಯಲು ಹೋದರೆ, ಸಿಕ್ಕಿಬಿದ್ದ ದಿನ ಓದು, ವೀಸಾ ಎರಡೂ ಮುಗಿಯಿತು. ಹಣ ಸಾಲದೆ ಹೋದರೆ ಅದನ್ನು ಅವನಿಂದ ಮುಚ್ಚಿಡಬೇಡಿ. ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಯಲ್ಲಿ ತುರ್ತು ನೆರವಿನ ಸಣ್ಣ ನಿಧಿ ಹಲವು ವಿಶ್ವವಿದ್ಯಾಲಯಗಳಲ್ಲಿ ಇರುತ್ತದೆ. ಕೇಳಲು ಅವನಿಗೆ ನಿಜಸ್ಥಿತಿ ಗೊತ್ತಿರಬೇಕಲ್ಲ.

ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾದಲ್ಲಿ ಕುಳಿತು ಮೊಬೈಲಿನಲ್ಲಿ ಕೇಳುತ್ತಿರುವ ಕನ್ನಡಿಗ ಕುಟುಂಬಗಳಿಗೆ ಬೇರೆ ಮಾತು. ಅಲ್ಲೇ ಹುಟ್ಟಿದ ನಿಮ್ಮ ಮಗು ಆ ದೇಶದ ಪ್ರಜೆ. ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದರೂ ಮಗುವಿಗೆ ಸರ್ಕಾರದ ಧನಸಹಾಯ ಕೇಳುವ ಹಕ್ಕಿದೆ. ಅದರ ಅರ್ಜಿಯೇ ಫಾಫ್ಸಾ. ತಾಯಿ ಎಚ್-4 ಅವಲಂಬಿತ ವೀಸಾದಲ್ಲಿದ್ದು ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಅರ್ಜಿಯ ಖಾತೆ ತೆರೆಯಬಹುದು. ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಲೆಕ್ಕ ಕೊಟ್ಟಿದ್ದರೆ ಒಬ್ಬರ ವಿವರ ಸಾಕು. ಊರಿನಲ್ಲಿ ನಿಮ್ಮ ಹೆಸರಿಗಿರುವ ಸೈಟು, ಬಾಡಿಗೆ ಮನೆಗಳನ್ನು ತೋರಿಸಬೇಕು, ನೀವು ವಾಸವಿರುವ ಮನೆಯನ್ನು ಫಾಫ್ಸಾ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಜೊತೆ ಚಿಕ್ಕಂದಿನಲ್ಲಿ ಬಂದು ಎಚ್-4ನಲ್ಲೇ ಬೆಳೆದ ದೊಡ್ಡ ಮಗುವಿಗೆ ಮಾತ್ರ ಈ ಸಹಾಯ ಇಲ್ಲ. ಒಂದೇ ಮನೆಯ ತಂಗಿಗೆ ಇದೆ, ಅಕ್ಕನಿಗೆ ಇಲ್ಲ. ಇದು ನ್ಯಾಯವಲ್ಲ ಎಂದೇ ನಾನು ತಿಳಿದಿದ್ದೇನೆ.

ಗೋಪ್ಯತೆ ಮಕ್ಕಳಿಗೊಂದೇ ಅಲ್ಲ ಎಂಬುದು ಇದೇ ಅರ್ಜಿಯಿಂದ ತಿಳಿಯುತ್ತದೆ. ತೆರಿಗೆ ಇಲಾಖೆಯಿಂದ ಫಾಫ್ಸಾಗೆ ಬರುವ ನಿಮ್ಮ ಆದಾಯದ ವಿವರ ಮಗನಿಗೆ ಕಾಣಿಸುವುದಿಲ್ಲ. ಕಾಲೇಜಿಗೆ ನೀವು ಕೊಟ್ಟ ಹಣಕಾಸಿನ ಕಾಗದಗಳನ್ನು ನೋಡುವ ಹಕ್ಕು ಫೆರ್ಪಾದಡಿ ಅವನಿಗಿಲ್ಲ. ನಿಮ್ಮ ಸಂಬಳದ ವಿಷಯದಲ್ಲೂ ಅವನಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳುವುದು ಒಳ್ಳೆಯದು. ಅಪ್ಪನ ಸಾಲ ಎಷ್ಟು, ಬಡ್ಡಿ ಎಷ್ಟು ಎಂದು ತಿಳಿದ ಹುಡುಗ ಬಿಲ್ಲನ್ನು ಓದುವ ರೀತಿಯೇ ಬೇರೆ.

ಕೊನೆಯಲ್ಲಿ, ಹೇಳಲು ಮನಸ್ಸು ಭಾರವಾಗುವ ವಿಷಯ. ಊರಿಗೇ ಮೊದಲಿಗನಾಗಿ ಬೆಳೆದ ಹುಡುಗ ಅಲ್ಲಿ ಮೊದಲ ಸೆಮಿಸ್ಟರ್ ಎರಡು ಕೋರ್ಸಿನಲ್ಲಿ ಸೋಲುತ್ತಾನೆ. ಸಾಲದ ನೆನಪು, ಅಪ್ಪನ ಮುಖ, ನೆಂಟರ ಮಾತು. ಮನೆಗೆ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾನೆ. ಕೋಣೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾನೆ. ಇಂಥ ಮಕ್ಕಳ ಖಾತೆಗಳನ್ನು ನಾನು ನೋಡಿದ್ದೇನೆ. ಮೊದಲು ಬಿಲ್ಲು ಉಳಿಯುತ್ತದೆ, ಆಮೇಲೆ ನೋಂದಣಿ ನಿಲ್ಲುತ್ತದೆ. ಮನೆಯವರಿಗೆ ಮಾತ್ರ ಏನೂ ಗೊತ್ತಿರುವುದಿಲ್ಲ. ಅವನಿಗೆ ದಾರಿಗಳಿವೆ ಎಂದು ನಿಮಗೆ ಗೊತ್ತಿದ್ದರೆ ನೀವೇ ಅವನಿಗೆ ಹೇಳಬಹುದು. ಕಾಯಿಲೆಯಿಂದ ಓದಲಾಗದಿದ್ದರೆ, ಮನಸ್ಸಿನ ಕಾಯಿಲೆಯೂ ಸೇರಿದಂತೆ, ವೈದ್ಯರ ಅಥವಾ ಮಾನ್ಯತೆಯುಳ್ಳ ಕ್ಲಿನಿಕಲ್ ಸೈಕಾಲಜಿಸ್ಟರ ಪತ್ರ ತೋರಿಸಿ ಕೋರ್ಸು ಕಡಿಮೆ ಮಾಡಿಕೊಳ್ಳಲು, ಪೂರ್ತಿ ನಿಲ್ಲಿಸಲು ಕೂಡ, ಎಫ್-1 ನಿಯಮದಲ್ಲಿ ಅವಕಾಶ ಇದೆ. ಆ ಹಂತದ ಓದಿನಲ್ಲಿ ಒಟ್ಟು 12 ತಿಂಗಳ ತನಕ ಹಾಗೆ ಮಾಡಬಹುದು, ವೀಸಾಕ್ಕೆ ಧಕ್ಕೆ ಇಲ್ಲ. ಆದರೆ ವಿದೇಶಿ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಮೊದಲು ಬೇಕು. ಬಿಲ್ಲಿನಲ್ಲಿ ಹೆಲ್ತ್ ಫೀ ಎಂಬ ಸಾಲಿದೆಯಲ್ಲ, ಕ್ಯಾಂಪಸ್ಸಿನ ಕೌನ್ಸೆಲಿಂಗ್ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಅದಕ್ಕೆ ನೀವು ಆಗಲೇ ಹಣ ಕಟ್ಟಿದ್ದೀರಿ. ಹೋಗಿ ಬಾ ಎಂದು ಅಮ್ಮನ ಬಾಯಿಂದ ಬಂದರೆ ಹುಡುಗನಿಗೆ ನಾಚಿಕೆ ಕಳೆಯುತ್ತದೆ.

ಮಗು ಎರಡು ದಿನ ಫೋನು ಎತ್ತದಿದ್ದರೆ ಕಾನೂನಿಗೆ ಹೆದರಿ ಸುಮ್ಮನಿರಬೇಡಿ. ನಮಗೆ ಹೇಳಲು ಅಡ್ಡಿ ಇರಬಹುದು, ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಗೋ ಕ್ಯಾಂಪಸ್ ಪೊಲೀಸರಿಗೋ ಫೋನು ಮಾಡಿ, ವೆಲ್‌ಫೇರ್ ಚೆಕ್ ಬೇಕು ಎನ್ನಿ. ಆ ಎರಡು ಪದ ಸಾಕು, ಇಂಗ್ಲಿಷ್ ಚೆನ್ನಾಗಿ ಬರಬೇಕೆಂದಿಲ್ಲ. ಅವರು ಕೋಣೆಗೆ ಹೋಗಿ ಬಾಗಿಲು ತಟ್ಟಿ ನೋಡುತ್ತಾರೆ. ಅದಕ್ಕೆ ಬೇಕಾಗುವುದು ಮಗುವಿನ ಪೂರ್ತಿ ಹೆಸರು, ಐಡಿ ನಂಬರ್, ಹುಟ್ಟಿದ ತಾರೀಖು, ಕೋಣೆ ನಂಬರ್ ಸಹಿತ ವಿಳಾಸ, ಜೊತೆಗಿರುವವರ ಫೋನ್ ನಂಬರ್. ಇವನ್ನು ಇವತ್ತೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಮಾತ್ರ ಬೇಡ. ಕ್ಯಾಂಪಸ್ ಪೊಲೀಸರ ಹತ್ತಂಕಿಯ ನಂಬರನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ತೆಗೆದು ಅದರ ಮೊದಲಿಗೆ 001 ಸೇರಿಸಿ ಬರೆಯಿರಿ. ಅಮೆರಿಕದ 911 ನಂಬರನ್ನು ಇಲ್ಲಿಂದ ಒತ್ತಿದರೆ ಅಲ್ಲಿನ ಪೊಲೀಸರಿಗೆ ಹೋಗುವುದಿಲ್ಲ.